ಜಾತಕ ಕೂಡಿದೆ, ಮಾತ್ರೆ ವಿಷ್ಯ ಯಾರು ಹೇಳ್ಬೇಕು?

ಅಕ್ಕಾ ನಮಸ್ತೆ. ನನಗೆ 28 ವರ್ಷ, ಮದುವೆ ಆಗಿ 4 ವರ್ಷ ಆಯ್ತು, ಒಂದು ಹೆಣ್ಣು ಮಗು, ದಾವಣಗೆರೆಲಿ ಇದೀವಿ. ತವರು ಹೊಳಲ್ಕೆರೆ ಕಡೆ, ಅಡಿಕೆ ತೋಟ ಇದೆ. ವಿಷ್ಯ ನಮ್ಮಣ್ಣಂದು. ಅವನಿಗೆ 32. ಏಳು ವರ್ಷದ ಹಿಂದೆ ಬೆಂಗಳೂರಲ್ಲಿ ಕೆಲಸದಲ್ಲಿದ್ದಾಗ ಇದ್ದಕ್ಕಿದ್ದಂಗೆ ನಿದ್ದೆ ಬಿಟ್ಟ, ನಾಲ್ಕೈದು ರಾತ್ರಿ ಮಲಗ್ಲೇ ಇಲ್ಲ, ಒಂದೇ ದಿನ ಎರಡು ಬೈಕ್ ಬುಕ್ ಮಾಡಿ ಬಂದ, ಊರಿಗೆ ಕರ್ಕೊಂಡು ಬಂದ್ರೆ ಎಲೆಕ್ಷನ್‌ಗೆ ನಿಲ್ತೀನಿ ಅಂತ ರಾತ್ರಿಯೆಲ್ಲಾ ಜಗಲಿ ಮೇಲೆ ನಿಂತು ಭಾಷಣ. ಮೊದ್ಲು ಯಂತ್ರ ಕಟ್ಸಿದ್ರು, ಆಮೇಲೆ ಆಸ್ಪತ್ರೆಗೆ ಹೋದ್ವಿ, ಬೈಪೋಲಾರ್ ಅಂದ್ರು, ಮನಸ್ಸು ಒಂದ್ಸಲ ಅತಿಯಾಗಿ ಏರಿ ಇನ್ನೊಂದ್ಸಲ ಕುಸಿಯೋ ಕಾಯಿಲೆಯಂತೆ. ಲಿಥಿಯಂ ಮಾತ್ರೆ ತಗೋತಾನೆ. ಮಧ್ಯೆ ಒಂದ್ಸಲ ಹುಷಾರಾಗಿದೀನಲ್ಲ ಅಂತ ಬಿಟ್ಟಿದ್ದ, ಮತ್ತೆ ಬಂತು. ಈಗ 3 ವರ್ಷದಿಂದ ಏನೂ ತೊಂದ್ರೆ ಇಲ್ಲ, ತೋಟ ನೋಡ್ಕೊಂಡು ಚೆನ್ನಾಗಿದಾನೆ. ಈಗ ಹೆಣ್ಣು ನೋಡಿದಾರೆ, ಜಾತಕ ಕೂಡಿದೆ, ಆದ್ರೆ ಹುಡುಗಿ ಕಡೆಯವ್ರಿಗೆ ಏನೂ ಹೇಳಿಲ್ಲ. ಅಮ್ಮ, "ವಿಟಮಿನ್ ಮಾತ್ರೆ ಅಂದ್ರಾಯ್ತು, ಮದುವೆ ಟೈಮಲ್ಲಿ ಒಂದೆರಡು ತಿಂಗಳು ನಿಲ್ಸಿದ್ರೂ ಏನಾಗಲ್ಲ, ಮದುವೆ ಆದ್ರೆ ತಾನಾಗೇ ಸರಿಹೋಗುತ್ತೆ" ಅಂತಾರೆ. ಆ ಹುಡುಗಿ ನನ್ನ ನಂಬರ್ ತಗೊಂಡು ಮೆಸೇಜ್ ಮಾಡ್ತಾಳೆ, "ನಿಮ್ಮಣ್ಣಂಗೆ ಕೋಪ ಜಾಸ್ತಿನಾ ಅಕ್ಕಾ?" ಅಂತ ಕೇಳ್ತಾಳೆ. ಹೇಳಿದ್ರೆ ಅಣ್ಣನ ಬಾಳು ಹಾಳು ಮಾಡಿದವಳು ನಾನಾಗ್ತೀನಿ, ಹೇಳದಿದ್ರೆ ಆ ಹುಡುಗಿ ಮುಖ ನೋಡೋಕಾಗಲ್ಲ. ನಮ್ಮನೆಯವ್ರಿಗೂ ಈ ವಿಷ್ಯ ಗೊತ್ತಿಲ್ಲ. ಇಂಥ ಕಾಯಿಲೆ ನಮ್ಮನೆಗೇ ಯಾಕೆ ಬಂತು ಅಕ್ಕಾ?

— ಹೆಸರು ಬೇಡ, ದಾವಣಗೆರೆ

ತಂಗಿ,

ನಿಮ್ಮ ಪತ್ರದಲ್ಲಿ ನನಗೆ ಎದೆ ಧಸಕ್ಕಂದಿದ್ದು ಹುಡುಗಿ ಕಡೆಯವ್ರಿಗೆ ಹೇಳಿಲ್ಲ ಅನ್ನೋ ಸಾಲಲ್ಲ, ಅದು ನಮ್ಮ ಕಡೆ ಹತ್ತು ಮದುವೇಲಿ ಐದರ ಕಥೆ. ಧಸಕ್ಕಂದಿದ್ದು "ಒಂದೆರಡು ತಿಂಗಳು ನಿಲ್ಸಿದ್ರೂ ಏನಾಗಲ್ಲ" ಅನ್ನೋದು. ಆಗುತ್ತೆ. ನಿಮ್ಮಣ್ಣನ ವಿಷ್ಯದಲ್ಲಿ ಒಂದ್ಸಲ ಆಗಿದ್ದನ್ನ ನೀವೇ ಬರ್ದಿದೀರ. ಲಿಥಿಯಂ ಅನ್ನೋದು ಜ್ವರದ ಮಾತ್ರೆ ಥರ ಬೇಕಾದಾಗ ನುಂಗಿ ಬೇಡದಾಗ ಬಿಡೋದಲ್ಲ, ಸಡನ್ನಾಗಿ ನಿಲ್ಸಿದ್ರೆ ಮೊದಲ ಕೆಲವು ತಿಂಗಳಲ್ಲೇ ಕಾಯಿಲೆ ವಾಪಸ್ ಬರೋ ಸಾಧ್ಯತೆ ತುಂಬಾ ಜಾಸ್ತಿ, ಅದೂ ಮದುವೆ ಅನ್ನೋ ಗದ್ದಲದ ಮಧ್ಯೆ.

ಆ ಗದ್ದಲನ ಸ್ವಲ್ಪ ಕಣ್ಮುಂದೆ ತಂದ್ಕೊಳ್ಳಿ. ಚಪ್ಪರದ ದಿನದಿಂದ ಮನೆ ತುಂಬ ನೆಂಟ್ರು, ಗಂಡಿಗೆ ತನ್ನ ರೂಮೇ ಇರಲ್ಲ, ಹಿಂದಿನ ರಾತ್ರಿ ರಿಸೆಪ್ಶನ್ ಮುಗ್ದು ಫೋಟೋ ತೆಗ್ಸಿ ಊಟ ಮಾಡೋ ಹೊತ್ತಿಗೆ 12 ಗಂಟೆ, ಬೆಳಗಿನ ಜಾವ 4ಕ್ಕೆ ಎಬ್ಬಿಸಿ ಎಣ್ಣೆ ನೀರು, ಮುಹೂರ್ತ, ಮಧ್ಯಾಹ್ನದ ಬಿಸಿಲಲ್ಲಿ ರೇಷ್ಮೆ ಪಂಚೆ ಶಲ್ಯ ಹೊದ್ದು ನಿಂತಿರೋದು, ಸಂಜೆ ಹೆಣ್ಣು ಒಪ್ಪಿಸ್ಕೊಂಡು ಪ್ರಯಾಣ, ಆಮೇಲೆ ಬೀಗರೂಟ. ಬೈಪೋಲಾರ್ ಇರೋರಿಗೆ ನಿದ್ದೆಗೆಡೋದೇ ಉನ್ಮಾದದ, ಅಂದ್ರೆ ಮನಸ್ಸು ಅತಿಯಾಗಿ ಏರೋ ಸ್ಥಿತಿಯ, ಬಾಗಿಲು ತೆಗೆದಂಗೆ. ಮೊದಲ ಸಲ ಅವರಿಗೆ ಶುರುವಾಗಿದ್ದೂ ನಿದ್ದೆ ಬಿಟ್ಟೇ ಅಲ್ವಾ. ಇನ್ನು ಬೇಸಿಗೆಲಿ ಮದುವೆ ಇಟ್ಕೊಂಡು, ಮೈಯೆಲ್ಲಾ ಬೆವ್ತು ಸರಿಯಾಗಿ ನೀರೂ ಕುಡಿಯದೆ, ತಲೆನೋವು ಅಂತ ಯಾರೋ ಕೊಟ್ಟ ಬ್ರೂಫೆನ್ ನುಂಗಿದ್ರೆ ಮಾತ್ರೆ ತಗೋತಿರೋರಿಗೂ ರಕ್ತದಲ್ಲಿ ಲಿಥಿಯಂ ಏರಿ ಬೇರೆ ಅಪಾಯ, ಕೈ ನಡುಕ, ವಾಂತಿ, ತೊದಲು. ಇದನ್ನೆಲ್ಲಾ ಮದುಮಗಳಿಗೆ ಗೊತ್ತಾಗ್ದಂಗೆ ಯಾರು ನೋಡ್ಕೋತಾರೆ? ನಿಮ್ಮಮ್ಮ ಛತ್ರದಲ್ಲಿ ಅಡುಗೆ ಭಟ್ರನ್ನ ನೋಡ್ಕೋತಾರೋ ಮಗನ ಮಾತ್ರೆನ ನೋಡ್ಕೋತಾರೋ?

ಮದುವೆ ಆದ್ಮೇಲಂತೂ ಇನ್ನೂ ಕಷ್ಟ. ಲಿಥಿಯಂ ಮಟ್ಟ ನೋಡೋ ರಕ್ತ ಪರೀಕ್ಷೆನ ಹಿಂದಿನ ಡೋಸ್ ತಗೊಂಡು 12 ಗಂಟೆ ಆದ್ಮೇಲೆ ಮಾಡಿಸ್ಬೇಕು, ಅಂದ್ರೆ ರಾತ್ರಿ ಮಾತ್ರೆ ನುಂಗಿ ಬೆಳಗ್ಗೆ ಲ್ಯಾಬ್‌ಗೆ ಹೋಗ್ಬೇಕು, ಅದ್ರ ಜೊತೆ ಥೈರಾಯ್ಡು, ಕಿಡ್ನಿ ಟೆಸ್ಟು ಆಗಾಗ. ಹೊಸ ಹೆಂಡತಿಗೆ ಪ್ರತಿ ಸಲ ಏನಂತ ಹೇಳಿ ಹೊರಡ್ತಾರೆ? ವಿಟಮಿನ್‌ಗೆ ಯಾರು ರಕ್ತ ಕೊಟ್ಟು ಬರ್ತಾರೆ. ಮೊದ್ಲು ಟೆಸ್ಟ್ ತಪ್ಪುತ್ತೆ, ಆಮೇಲೆ ಅವಳು ಮಲಗ್ಲಿ ಅಂತ ಕಾದು ನುಂಗೋ ಮಾತ್ರೆ ಒಂದೊಂದು ದಿನ ಮರೆಯುತ್ತೆ, ಆಮೇಲೆ ನಿಂತೇ ಹೋಗುತ್ತೆ. ಮುಚ್ಚಿಟ್ಟು ಮಾಡಿದ ಮದುವೇಲಿ ಮೊದಲ ಏಟು ಬೀಳೋದು ಹುಡುಗಿಗಲ್ಲ ತಂಗಿ, ನಿಮ್ಮಣ್ಣನ ಚಿಕಿತ್ಸೆಗೆ. ಹುಡುಗಿಗೆ ಬೀಳೋದು ಅದಾದ್ಮೇಲೆ. ಅಮ್ಮನ ಜೊತೆ ಮಾತಾಡುವಾಗ ಇದನ್ನೇ ಮುಂದಿಡಿ, ಪಾಪ ಪುಣ್ಯ ಸತ್ಯ ಧರ್ಮ ಅಂತ ಹೋದ್ರೆ ಅವರು "ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು" ಅಂತ ಗಾದೆ ಎಳೀತಾರೆ, ನೀವು ಸೋಲ್ತೀರ. ಮಗನ ಮಾತ್ರೆ ನಿಂತು ಹೋಗುತ್ತೆ ಅಂದ್ರೆ ಕಿವಿ ಕೊಡ್ತಾರೆ, ಜಗಲಿ ಮೇಲಿನ ಆ ರಾತ್ರಿಗಳು ಅವರಿಗೂ ನೆನಪಿದೆ.

ಇನ್ನು ಮದುವೆ ಆದ್ರೆ ಸರಿಹೋಗುತ್ತೆ ಅನ್ನೋದು. ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ ಅಂತ ಗಾದೆ ಇದೆಯಲ್ಲ, ಎಲ್ರೂ ನಗೋಕೆ ಹೇಳ್ತಾರೆ, ಆದ್ರೆ ನಮ್ಮ ಹಳ್ಳಿಗಳಲ್ಲಿ ಅದನ್ನ ಪ್ರಿಸ್ಕ್ರಿಪ್ಶನ್ ಥರ ನಂಬಿರೋರು ಇದಾರೆ. ನಿಮ್ಮಣ್ಣಂದು ಹುಚ್ಚೂ ಅಲ್ಲ, ಅದಕ್ಕೆ ಹೆಂಡತಿ ಔಷಧಿನೂ ಅಲ್ಲ. ಅದಕ್ಕೆ ಔಷಧಿ ಲಿಥಿಯಂ ಅನ್ನೋ ಒಂದು ಥರದ ಉಪ್ಪು, 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಅನ್ನೋ ಡಾಕ್ಟರ್ ಉನ್ಮಾದಕ್ಕೆ ಅದು ಕೆಲಸ ಮಾಡುತ್ತೆ ಅಂತ ತೋರಿಸಿದ್ರು, ಇವತ್ತಿಗೂ ಅದನ್ನೇ ಕೊಡ್ತಾರೆ.

"ನಮ್ಮನೆಗೇ ಯಾಕೆ" ಅಂತ ಕೇಳಿದೀರಲ್ಲ, ಅದಕ್ಕೊಂದು ಲೆಕ್ಕ ಹೇಳ್ತೀನಿ. ನಿಮ್ಮಣ್ಣನ ಮದುವೆ ಊಟಕ್ಕೆ 700 ಜನ ಬಂದ್ರು ಅಂದ್ಕೊಳ್ಳಿ. 2017ರ ಲೆಕ್ಕ ಇಟ್ಕೊಂಡು ಲ್ಯಾನ್ಸೆಟ್ ಸೈಕಿಯಾಟ್ರಿ ಪತ್ರಿಕೆಲಿ ಬಂದ ಅಧ್ಯಯನದ ಪ್ರಕಾರ ಭಾರತದಲ್ಲಿ 7 ಜನಕ್ಕೆ ಒಬ್ಬರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ, ಅಂದ್ರೆ ನಿಮ್ಮ ಛತ್ರದಲ್ಲಿ ನೂರು ಜನ, ಅದರಲ್ಲಿ ಡಿಪ್ರೆಶನ್ನು ಆಂಗ್ಸೈಟಿನೇ ಜಾಸ್ತಿ. ಬೈಪೋಲಾರ್ ಇರೋರು ದೇಶದಲ್ಲಿ ಸುಮಾರು 76 ಲಕ್ಷ, ಅದೇ ಲೆಕ್ಕದಲ್ಲಿ ಆ 700ರಲ್ಲಿ ನಿಮ್ಮಣ್ಣನ ಕಾಯಿಲೆಯವರೇ ನಾಲ್ಕು ಜನ ಎಲೆ ಮುಂದೆ ಕೂತಿರ್ತಾರೆ. ನಿಮ್ಹಾನ್ಸ್‌ನವರು 12 ರಾಜ್ಯದಲ್ಲಿ ಮಾಡಿದ 2015-16ರ ರಾಷ್ಟ್ರೀಯ ಸಮೀಕ್ಷೆಲಿ ಬೈಪೋಲಾರ್ ಇರೋ ನೂರಕ್ಕೆ 70 ಜನಕ್ಕೆ ಚಿಕಿತ್ಸೆನೇ ಸಿಗ್ತಿರಲಿಲ್ಲ ಅಂತ ಬಂತು. ಹಂಗಾಗಿ ಆ ನಾಲ್ವರಲ್ಲಿ ಮೂವರು ಮಾತ್ರೆ ಮುಖನೇ ನೋಡಿರಲ್ಲ, ಒಬ್ಬರನ್ನ ಊರವರು ಸಿಡುಕ ಅಂತಾರೆ, ಇನ್ನೊಬ್ಬರನ್ನ ದುಂದುಗಾರ ಅಂತಾರೆ, ಮತ್ತೊಬ್ಬರಿಗೆ ಮಾಟ ಮಾಡ್ಸಿದಾರೆ ಅಂತಾರೆ. ನಾಲ್ಕನೆಯವರು ನಿಮ್ಮಣ್ಣ, ಕಾಯಿಲೆ ಯಾವುದು ಅಂತ ಗೊತ್ತಿದ್ದು, ಮಾತ್ರೆ ನುಂಗಿ 3 ವರ್ಷ ಗಟ್ಟಿಯಾಗಿ ನಿಂತಿರೋರು. ಹುಡುಗಿ ಕಡೆಯವ್ರು ಭಯ ಪಡ್ಬೇಕಾದ್ರೆ ಆ ಮೂವರಿಗೆ ಪಡ್ಬೇಕು.

ನನಗೂ ಒಬ್ರು ಚಿಕ್ಕಪ್ಪ ಇದ್ರು. ಮನೇಲಿ ಮದುವೆ ಮಾತುಕತೆಗೆ ಯಾರಾದ್ರೂ ಬರ್ತಾರೆ ಅಂದ್ರೆ ಹಿಂದಿನ ದಿನವೇ ಅವರನ್ನ ತೋಟದ ಮನೆಗೆ ಕಳಿಸ್ತಿದ್ರು, ನನ್ನ ಕೈಲಿ ಬುತ್ತಿ ಕೊಟ್ಟು. ಅವರು ಬುತ್ತಿ ಬಿಚ್ಚೋ ಮುಂಚೆ "ಇವತ್ತು ಯಾರಿಗಮ್ಮಾ, ನಿಮ್ಮ ದೊಡ್ಡಕ್ಕನಿಗಾ?" ಅಂತ ಕೇಳ್ತಿದ್ರು. ಎಲ್ಲಾ ಗೊತ್ತಿತ್ತು ಅವರಿಗೆ. ಅಷ್ಟೇ, ಮುಂದಕ್ಕೆ ಹೋಗೋಣ.

ಈಗ ನಿಮ್ಮ ಪ್ರಶ್ನೆ, ಹೇಳೋದಾ ಬೇಡ್ವಾ. ಹೇಳ್ಬೇಕು, ಆದ್ರೆ ಹುಡುಗಿಗೆ ಹೇಳ್ಬೇಕಾದವರು ನೀವಲ್ಲ, ನಿಮ್ಮಣ್ಣ. ಇಡೀ ಪತ್ರದಲ್ಲಿ ಅಮ್ಮ ಏನಂದ್ರು ಇದೆ, ನಿಮ್ಮ ಸಂಕಟ ಇದೆ, ಹುಡುಗಿ ಮೆಸೇಜ್ ಇದೆ, ನಿಮ್ಮಣ್ಣ ಏನಂತಾರೆ ಅಂತ ಒಂದು ಸಾಲಿಲ್ಲ. 32 ವರ್ಷದ ಗಂಡಸು, ತೋಟ ನಡೆಸ್ತಾರೆ, ವ್ಯಾಪಾರ ಮಾಡ್ತಾರೆ, ತಮ್ಮ ಕಾಯಿಲೆ ವಿಷ್ಯದಲ್ಲಿ ಮಾತ್ರ ಅವರನ್ನ ಯಾರೂ ಕೇಳಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರನೂ ತನ್ನ ಕಾಯಿಲೆ ವಿವರ ಗುಟ್ಟಾಗಿಡೋ ಹಕ್ಕು ರೋಗಿದು. ನೀವು ಅವರ ಬೆನ್ನ ಹಿಂದೆ ಹುಡುಗಿಗೆ ಫೋನ್ ಮಾಡಿ ಹೇಳಿಬಿಟ್ರೆ ಸಂಬಂಧ ಮುರೀಬಹುದು ಉಳೀಬಹುದು, ಅಣ್ಣ ಮಾತ್ರ ಇನ್ನು ಯಾವತ್ತೂ ನಿಮ್ಮನ್ನ ನಂಬಲ್ಲ, ಮುಂದೆ ಹುಷಾರು ತಪ್ಪಿದಾಗ ಅವರು ಮೊದಲು ಫೋನ್ ಮಾಡ್ಬೇಕಾಗಿರೋದು ನಿಮಗೇ.

ಅದಕ್ಕೆ ಒಂದಿನ ತವರಿಗೆ ಹೋಗಿ, ಅಮ್ಮ ಇಲ್ದಾಗ, ತೋಟದಲ್ಲಿ ಅಡ್ಡಾಡ್ತಾ ಅಣ್ಣನ್ನ ಕೇಳಿ. "ಅಣ್ಣಾ ನಿಂಗೆ ಈ ಮದುವೆ ಇಷ್ಟನಾ, ಮಾತ್ರೆ ವಿಷ್ಯ ಅವಳಿಗೆ ನೀನೇ ಹೇಳ್ತೀಯಾ" ಅಂತ. ಎಷ್ಟೋ ಸಲ ಇಂಥವರು ಹೇಳೋಕೆ ಕಾಯ್ತಾ ಇರ್ತಾರೆ, ಮನೆಯವ್ರು ಬಿಡಲ್ಲ. ಒಪ್ಪಿದ್ರೆ ನಿಶ್ಚಿತಾರ್ಥಕ್ಕೆ ಮುಂಚೆ ಹುಡುಗಿ ಜೊತೆ ಅವರೊಬ್ರೇ ಕೂತು ಮಾತಾಡ್ಲಿ, ಎರಡು ಕಡೆ ಹಿರಿಯರನ್ನ ಹಾಲ್‌ನಲ್ಲಿ ಕೂರಿಸ್ಕೊಂಡು ಮಾಡೋ ವಿಷ್ಯ ಅಲ್ಲ ಇದು. ನಂಗೆ ಇಂಥ ಕಾಯಿಲೆ ಇದೆ, ಇಂಥ ವರ್ಷ ಬಂತು, ಒಂದ್ಸಲ ಮಾತ್ರೆ ಬಿಟ್ಟು ಮತ್ತೆ ಬಂತು, ಈಗ 3 ವರ್ಷದಿಂದ ಚೆನ್ನಾಗಿದೀನಿ, ರಾತ್ರಿ ಹೊತ್ತಿಗೆ ಸರಿಯಾಗಿ ಮಲಗ್ಬೇಕು, ಮಾತ್ರೆ ಬಹಳ ಕಾಲ ತಗೋಬೇಕು, ಬೇಕಿದ್ರೆ ಬಾ ನನ್ನ ಡಾಕ್ಟರ್ ಹತ್ರನೇ ಹೋಗಿ ಕೇಳೋಣ. ಇಷ್ಟೇ. ಬಿಪಿ ಶುಗರ್ ಇದ್ದಂಗೆ ಅಂತ ಹಗುರ ಮಾಡಿ ಹೇಳೋದೂ ಬೇಡ, ಅವಳಿಗೆ ಕಾಯಿಲೆ ಪೂರ್ತಿ ಗೊತ್ತಾಗ್ಬೇಕು, ಇನ್ನೊಂದ್ಸಲ ಬರಬಹುದು ಅನ್ನೋದೂ ಸೇರಿ. ಡಾಕ್ಟರ್ ಭೇಟಿಗೆ ಹುಡುಗಿ ಒಪ್ಪಿದ್ರೆ ಅರ್ಧ ಮದುವೆ ಆದಂಗೆ ಅಂತ ನಾನಂತೂ ಅಂದ್ಕೋತೀನಿ. ಬೇಡ ಅಂದ್ರೆ ಬೇಡ, ಅವಳಿಗೆ ಆ ಹಕ್ಕಿದೆ, ನಿಮ್ಮಣ್ಣನಿಗೂ ಆರು ತಿಂಗಳು ಬಾಳ್ವೆ ಮಾಡಿ ಕೋರ್ಟ್ ಮೆಟ್ಟಿಲು ಹತ್ತೋದಕ್ಕಿಂತ ಈ ನೋವು ಚಿಕ್ಕದು.

ಕೋರ್ಟ್ ಅಂದೆ, ಅಪ್ಪಂಗೆ ಇದು ಬೇಕಾಗಬಹುದು. 1955ರ ಹಿಂದೂ ವಿವಾಹ ಕಾಯ್ದೆಲಿ ಮಾನಸಿಕ ಕಾಯಿಲೆ ಇದ್ದೋರೆಲ್ಲಾ ಮದುವೆ ಆಗಂಗಿಲ್ಲ ಅಂತ ಎಲ್ಲೂ ಇಲ್ಲ, ಒಪ್ಪಿಗೆ ಕೊಡೋಕೇ ಆಗದಷ್ಟು ಬುದ್ಧಿ ಸ್ಥಿಮಿತ ಇಲ್ದಿದ್ರೆ, ಮದುವೆಗೂ ಮಕ್ಕಳಿಗೂ ಅನರ್ಹ ಅನ್ನುವಷ್ಟು ತೀವ್ರ ಇದ್ರೆ, ಇಲ್ಲಾ ಬುದ್ಧಿಭ್ರಮಣೆ ಮತ್ತೆ ಮತ್ತೆ ಬರ್ತಿದ್ರೆ ಮಾತ್ರ ಅಡ್ಡಿ. ಬರೀ ಕಾಯಿಲೆ ಹೆಸರು ಇದ್ರೆ ಡೈವೋರ್ಸ್‌ಗೆ ಸಾಲದು, ಅದರ ತೀವ್ರತೆ ನೋಡ್ಬೇಕು ಅಂತ ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ. ಆದ್ರೆ ಮುಖ್ಯ ವಿಷ್ಯ ಮುಚ್ಚಿಟ್ಟು ಒಪ್ಪಿಗೆ ತಗೊಂಡ್ರೆ ಅದು ವಂಚನೆ, ಗೊತ್ತಾದ ಒಂದು ವರ್ಷದೊಳಗೆ ಮದುವೆ ರದ್ದು ಮಾಡಿ ಅಂತ ಹುಡುಗಿ ಕೇಸ್ ಹಾಕಬಹುದು. ಅಂದ್ರೆ ಕಾಯಿಲೆಗಿಂತ ಮುಚ್ಚಿಟ್ಟಿದ್ದೇ ನಿಮ್ಮಣ್ಣನಿಗೆ ಮುಳುವಾಗೋದು.

ಅಣ್ಣನೂ ಹೇಳಲ್ಲ ಅಂತ ಹಟ ಹಿಡಿದ್ರೆ? ಆಗ ನೀವು ಅವರಿಗೇ ಮುಖ ಕೊಟ್ಟು ಹೇಳಿ, ನಿಶ್ಚಿತಾರ್ಥದೊಳಗೆ ನೀನು ಹೇಳು, ಇಲ್ಲಾಂದ್ರೆ ನಾನು ಹೇಳ್ತೀನಿ, ಗೊತ್ತಿಲ್ದೆ ಅವಳ ಕೊರಳಿಗೆ ತಾಳಿ ಬೀಳೋಕೆ ನಾನು ಬಿಡಲ್ಲ ಅಂತ. ಜಗಳ ಆಗುತ್ತೆ, ಆಗ್ಲಿ. ಅಲ್ಲೀವರೆಗೆ ಆ ಹುಡುಗಿ ಮೆಸೇಜಿಗೆ ಸುಳ್ಳು ಬರೀಬೇಡಿ. ಕೋಪ ಜಾಸ್ತಿನಾ ಅಂದ್ರೆ "ಇದನ್ನ ಅಣ್ಣನ ಬಾಯಲ್ಲೇ ಕೇಳಮ್ಮ, ನಿಧಾನವಾಗಿ ಕೂತು ಮಾತಾಡಿ" ಅನ್ನಿ. ಬುದ್ಧಿವಂತೆ ಇದ್ರೆ ಅವಳಿಗೆ ಅಷ್ಟು ಸಾಕು, ಕೋಪದ ಬಗ್ಗೆ ಕೇಳ್ತಿದಾಳೆ ಅಂದ್ರೆ ಏನೋ ಕಿವಿಗೆ ಬಿದ್ದಿರಲೂಬಹುದು.

ಮಾತಾಡೋಕೆ ಯಾರೂ ಇಲ್ಲ ಅನ್ಸಿದ್ರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್ 10ರಿಂದ ಇದೆ, ದುಡ್ಡಿಲ್ಲ, ರಾತ್ರಿ ಹಗಲು ಯಾವಾಗ್ಲಾದ್ರೂ, ಕನ್ನಡದಲ್ಲೇ ಮಾತಾಡ್ತಾರೆ, ರೋಗಿಗಳೇ ಮಾಡ್ಬೇಕು ಅಂತಿಲ್ಲ ಮನೆಯವ್ರೂ ಮಾಡಬಹುದು. ಮದುವೆ ಓಡಾಟದಲ್ಲಿ ಅಣ್ಣನಿಗೆ ದೂರದ ಡಾಕ್ಟರ್ ಹತ್ರ ಹೋಗೋಕಾಗದಿದ್ರೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅಂತ ಮಂಗಳವಾರದ ಕ್ಲಿನಿಕ್ ಇರುತ್ತೆ, ಮನೋವೈದ್ಯರು ಬರ್ತಾರೆ, ನಿಮ್ಮಲ್ಲಿ ಯಾವ ವಾರ ಅಂತ ಮೊದಲೇ ವಿಚಾರಿಸ್ಕೊಳ್ಳಿ.

ಕೊನೆಗೆ ನೀವು ಗಡಿಬಿಡಿಲಿ ತೂರಿಸಿಟ್ಟಿರೋ ಆ ಒಂದು ಸಾಲು. "ನಮ್ಮನೆಯವ್ರಿಗೂ ಈ ವಿಷ್ಯ ಗೊತ್ತಿಲ್ಲ." ಅಂದ್ರೆ ನಾಲ್ಕು ವರ್ಷದ ಹಿಂದೆ ನಿಮ್ಮ ಮದುವೆನೂ ಇದನ್ನ ಮುಚ್ಚಿಟ್ಟೇ ಮಾಡಿದ್ದು. ಅಮ್ಮನಿಗೆ ನೀವು ಜೋರಾಗಿ ಎದುರು ಮಾತಾಡೋಕೆ ಆಗದೇ ಇರೋದು ಅದಕ್ಕೇ, "ನಿನ್ನ ಮದುವೆಗೆ ಮಾತ್ರ ಸುಳ್ಳು ನಡೀತಲ್ಲ" ಅಂತ ಒಂದು ಮಾತು ಅಂದ್ರೆ ನಿಮ್ಮ ಬಾಯಿ ಕಟ್ಟುತ್ತೆ. ಮಗಳ ಬಗ್ಗೆ ಒಳಗೊಳಗೇ ಭಯನೂ ಇರಬಹುದು, ನೀವು ಬರೆದಿಲ್ಲ ಆದ್ರೂ ಹೇಳ್ತೀನಿ, ಅಪ್ಪ ಅಥವಾ ಅಮ್ಮನಿಗೆ ಬೈಪೋಲಾರ್ ಇದ್ರೇ ಮಗುವಿಗೆ ಬರೋ ಸಾಧ್ಯತೆ ನೂರಕ್ಕೆ ಹತ್ತರ ಆಸುಪಾಸು, ಸೋದರಮಾವನಿಗೆ ಇದ್ರೆ ಅದಕ್ಕಿಂತ ಎಷ್ಟೋ ಕಮ್ಮಿ.

ನಿಮ್ಮ ಯಜಮಾನ್ರು ಹೆಂಗೆ ಅಂತ ನಂಗೆ ಗೊತ್ತಿಲ್ಲ, ಬೈಬಹುದು, ಎರಡು ದಿನ ಮಾತು ಬಿಡಬಹುದು. ಆದ್ರೆ ನಾಳೆ ಆ ಹುಡುಗಿ ಮನೆಯವ್ರು ಬಂದು ಬೀದೀಲಿ ಕೂಗಾಡಿದಾಗ ಅವರಿಗೆ ಗೊತ್ತಾಗೋದಕ್ಕಿಂತ ನಿಮ್ಮ ಬಾಯಿಂದ ಗೊತ್ತಾಗೋದೇ ವಾಸಿ. ನಿಶ್ಚಿತಾರ್ಥ ಯಾವತ್ತು ಅಂತ ನೀವು ಬರೆದಿಲ್ಲ, ಹತ್ರ ಇದ್ದಂಗಿದೆ. ತವರಿಗೆ ಬಸ್ ಹತ್ತೋಕೆ ಮುಂಚೆ, ಇವತ್ತು ರಾತ್ರಿ ಮಗು ಮಲಗಿದ್ಮೇಲೆ ಟಿವಿ ಆಫ್ ಮಾಡಿ ಅವರಿಗೆ ಹೇಳಿ. ಆಮೇಲೇನಾಯ್ತು ಅಂತ ನಂಗೂ ಎರಡು ಸಾಲು ಬರೀರಿ.

— ನಿಮ್ಮ ಅಕ್ಕ