ಪುತ್ಥಳಿಯ ಮಾತು ಆಮೇಲೆ, ಮೊದಲು ಅತ್ತಿಗೆಯ ಅರ್ಜಿ

ಪ್ರಶ್ನೆ: ನನ್ನಣ್ಣ ಹೆಡ್ ಕಾನ್‌ಸ್ಟೆಬಲ್. ಕಳೆದ ಸೆಪ್ಟೆಂಬರ್ ಎರಡನೇ ವಾರ ರಾತ್ರಿ ನಾಕಾಬಂದಿಯಲ್ಲಿ ಲಾರಿ ಹಾಯ್ದು ತೀರಿಕೊಂಡ. ಊರ ಹುಡುಗರು 4 ಲಕ್ಷ ಕೂಡಿಸಿದ್ದಾರೆ, ಸರ್ಕಲ್‌ನಲ್ಲಿ ಪುತ್ಥಳಿ ಇಡಬೇಕೆಂದು ಹಟ ಹಿಡಿದಿದ್ದಾರೆ. ಅತ್ತಿಗೆ ಹೂಂ ಅನ್ನುವುದಿಲ್ಲ, ಬೇಡ ಅಂತಲೂ ಹೇಳುವುದಿಲ್ಲ. ಕಳೆದ ಅಕ್ಟೋಬರ್ 21ರ ಪೊಲೀಸ್ ಹುತಾತ್ಮರ ದಿನದ ಪರೇಡ್‌ನಲ್ಲಿ ಅಣ್ಣನ ಹೆಸರು ಓದಲಿಲ್ಲವೆಂದು ನೊಂದು, ಈ ಸಲ ಪರೇಡ್‌ಗೆ ಬರುವುದಿಲ್ಲ ಅನ್ನುತ್ತಾರೆ. ಮಗಳಿಗೆ 9, ಮಗನಿಗೆ 5. ನಾನು ಯಾರ ಕಡೆ ನಿಲ್ಲಲಿ?

ಉತ್ತರ: ಅತ್ತಿಗೆಯ ಕಡೆ. ಅದಕ್ಕೂ ಮೊದಲು ಒಂದು ವಿಷಯ ಕೇಳುತ್ತೇನೆ: ಅನುಕಂಪದ ನೇಮಕಾತಿಗೆ, ಅಂದರೆ ಸೇವೆಯಲ್ಲಿದ್ದಾಗ ತೀರಿಕೊಂಡವರ ಮನೆಯವರೊಬ್ಬರಿಗೆ ಕೊಡುವ ಸರ್ಕಾರಿ ಕೆಲಸಕ್ಕೆ, ಅರ್ಜಿ ಹೋಗಿದೆಯೇ? ತೀರಿಕೊಂಡ ದಿನದಿಂದ ಒಂದು ವರ್ಷದೊಳಗೆ ಕೊಡಬೇಕು. ಪುತ್ಥಳಿಯ ಸಭೆಗಳ ನಡುವೆ ಈ ಗಡುವು ಜಾರಿಹೋದರೆ ತುಂಬಾ ಕಷ್ಟ. ಕೊಟ್ಟ ಮಾತ್ರಕ್ಕೆ ಕೆಲಸಕ್ಕೆ ಸೇರಲೇಬೇಕೆಂದಿಲ್ಲ. ನಾಳೆಯೇ ಅವರನ್ನು ಎಸ್‌ಪಿ ಕಚೇರಿಗೆ ಕರೆದೊಯ್ಯಿರಿ, ಅರ್ಜಿಯ ಪ್ರತಿಯ ಮೇಲೆ ಮೊಹರು, ತಾರೀಖು ಹಾಕಿಸಿಕೊಳ್ಳಿ.

ಹೆಸರು ಓದದಿದ್ದುದು ಅವಮಾನವಲ್ಲ. ಹಿಂದಿನ ವರ್ಷದ ಸೆಪ್ಟೆಂಬರ್ 1ರಿಂದ ಈ ವರ್ಷದ ಆಗಸ್ಟ್ 31ರವರೆಗೆ ಕರ್ತವ್ಯದಲ್ಲಿ ಮಡಿದವರ ಹೆಸರನ್ನು ಆ ದಿನ ಓದುತ್ತಾರೆ. ನಿಮ್ಮಣ್ಣನ ಸರದಿ ಈ ಅಕ್ಟೋಬರ್‌ನದು. ಇದನ್ನು ಯಾರೂ ಅವರಿಗೆ ಬಿಡಿಸಿ ಹೇಳಿಲ್ಲ ಅನ್ನಿಸುತ್ತದೆ, ಪಾಪ. ಆದರೆ ಸುಮ್ಮನೆ ಕಾಯಬೇಡಿ. ಅದೇ ಕಚೇರಿಯಲ್ಲಿ ಹೆಸರು ಪಟ್ಟಿಗೆ ಹೋಗಿದೆಯೇ ವಿಚಾರಿಸಿ, ಸೇವಾ ಪುಸ್ತಕದಲ್ಲಿರುವ ಹೆಸರು, ಇನಿಷಿಯಲ್, ಬಕಲ್ ನಂಬರ್ (ಇಲಾಖೆ ಕೊಟ್ಟ ಗುರುತಿನ ಸಂಖ್ಯೆ) ಅಕ್ಷರಕ್ಕೆ ಅಕ್ಷರ ತಾಳೆ ನೋಡಿ. ಇನಿಷಿಯಲ್ ತಪ್ಪಾಗಿ ಸ್ಮಾರಕದ ಕಲ್ಲಿಗೆ ಬಿದ್ದರೆ ತಿದ್ದಿಸುವುದು ಸುಲಭವಲ್ಲ.

ಇನ್ನು ಪುತ್ಥಳಿ. ಸಾರ್ವಜನಿಕ ರಸ್ತೆ, ಫುಟ್‌ಪಾತ್‌ಗಳಲ್ಲಿ ಹೊಸ ಪುತ್ಥಳಿಗೆ ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿ 18ರಂದೇ ಆದೇಶಿಸಿದೆ. ರಾತ್ರೋರಾತ್ರಿ ನಿಲ್ಲಿಸಿದರೆ ಮುಂದೆ ಅದನ್ನು ತೆರವು ಮಾಡಲು ಬರುವವರ ಬಂದೋಬಸ್ತಿಗೆ ನಿಲ್ಲಬೇಕಾದವರು ಅಣ್ಣನ ಜತೆಗಾರರೇ. ಹುಡುಗರಿಗೆ ಇದೊಂದು ಮಾತು ಸಾಕು, ಅವರೂ ಪ್ರೀತಿಯಿಂದಲೇ ಹೊರಟವರು.

ಆ 4 ಲಕ್ಷವನ್ನು ಹೀಗೆ ಹಂಚಬಹುದು. ಮಗಳಿಗೆ 10 ತುಂಬುವ ಮೊದಲೇ ಅಂಚೆ ಕಚೇರಿಯಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆಯಬೇಕು, ಆಮೇಲೆ ತೆರೆಯಲಾಗದು. ವರ್ಷಕ್ಕೆ ಗರಿಷ್ಠ 1.5 ಲಕ್ಷ ಕಟ್ಟಬಹುದು, ಅಷ್ಟನ್ನೂ ಕಟ್ಟಿ. ಮಗನ ಹೆಸರಲ್ಲಿ, ತಾಯಿ ಪೋಷಕರಾಗಿ, ಇನ್ನೊಂದು 1.5 ಲಕ್ಷ ಠೇವಣಿ. ಉಳಿದ 1 ಲಕ್ಷ ಅಣ್ಣ ಓದಿದ ಶಾಲೆಯಲ್ಲಿ ದತ್ತಿ ನಿಧಿಯಾಗಲಿ. ಶೇ 6.5ರ ಬಡ್ಡಿ ಸಿಕ್ಕರೂ ವರ್ಷಕ್ಕೆ 6,500 ರೂಪಾಯಿ, ಒಬ್ಬಿಬ್ಬರು ಮಕ್ಕಳಿಗೆ ಬಹುಮಾನ. ದತ್ತಿ ಕೆಡುವುದು ಠೇವಣಿ ಒಬ್ಬ ಮುಖಂಡನ ಹೆಸರಲ್ಲಿದ್ದಾಗ. ಶಾಲೆಯ ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಸಮಿತಿ) ಠರಾವು ಮಾಡಿಸಿ, ಮುಖ್ಯಶಿಕ್ಷಕರ ಹುದ್ದೆಯ ಹೆಸರಿಗೆ ಇಡಿಸಿ. ದುಡ್ಡು ಕೊಟ್ಟವರೆಲ್ಲ ಪುತ್ಥಳಿಗೆಂದೇ ಕೊಟ್ಟವರು. ಅವರನ್ನು ಕೂರಿಸಿ ಒಪ್ಪಿಗೆ ಪಡೆದು ಪುಸ್ತಕದಲ್ಲಿ ಸಹಿ ಹಾಕಿಸಿಕೊಳ್ಳಿ. ಅತ್ತಿಗೆ ಬೇಡ ಅಂದ ಭಾಗ ಮಾತ್ರ ಮಾಡಲೇಬೇಡಿ. ಊರಿನ ಕಾರ್ಯಕ್ರಮದಲ್ಲಿ ಫೋಟೊಗೆ ರಾಷ್ಟ್ರಧ್ವಜ ಹೊದಿಸುವುದೂ ಬೇಡ, ಅದಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲ.

ಅಣ್ಣನ ಖಾಕಿ ಶರಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟಿದ್ದರೆ ಈಗಲೇ ತೆಗೆಯಿರಿ. ಒಳಗೆ ತೇವ ಕೂತು ಬೂಷ್ಟು ಹಿಡಿಯುತ್ತದೆ. ಎದೆಯ ನಾಮಫಲಕ, ಗುಂಡಿಗಳ ಹತ್ತಿರ ತುಕ್ಕಿನ ಕಲೆ ಬಿದ್ದರೆ ಹೋಗದು. ಫಲಕ ಬಿಚ್ಚಿ ಬೇರೆ ಇಟ್ಟು, ಶರಟನ್ನು ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡಿ.

ಪರೇಡ್‌ಗೆ ಬರಲು ಅತ್ತಿಗೆ ಮನಸ್ಸು ಮಾಡಿದರೆ ಮಕ್ಕಳಿಗೆ ಹಿಂದಿನ ದಿನವೇ ಎಲ್ಲ ಹೇಳಿಡಿ: ಬಂದೂಕಿನ ಮೂತಿ ಕೆಳಗೆ ಮಾಡಿ ನಿಲ್ಲುತ್ತಾರೆ, ಕಹಳೆ ಊದುತ್ತಾರೆ, ಮೂರು ಸಲ ಗಾಳಿಯಲ್ಲಿ ಗುಂಡು ಹಾರುತ್ತದೆ. ಚಿಕ್ಕವನು ಆ ಸದ್ದಿಗೇ ಬೆಚ್ಚುವುದು. ಹಿಂದಿನ ಸಾಲಿನಲ್ಲಿ ಕೂರಿಸಿ, ಕಿವಿ ಮುಚ್ಚಲು ನಿಮ್ಮ ಕೈ ಹತ್ತಿರವಿರಲಿ. ಬರುವುದಿಲ್ಲ ಅಂದರೆ ಒತ್ತಾಯ ಬೇಡ. ನೀವು ಹೋಗಿ ಹೂವಿಟ್ಟು ಬನ್ನಿ, ಹೆಸರು ಓದುವಾಗ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಅವರು ಕೇಳಿದ ದಿನ ಕೊಡಿ.