ಎಂಜಿನ್ ಲೈಟ್ ಬಂತು ಅಂತ ನೇರ ಸೆನ್ಸರ್ ಬದಲಿಸಬೇಡಿ

ಪ್ರಶ್ನೆ: ನಮಸ್ಕಾರ ಸರ್. ನಮ್ಮದು 2014ರ ಪೆಟ್ರೋಲ್ ಕಾರು, 90 ಸಾವಿರ ಕಿಲೋಮೀಟರ್ ಓಡಿದೆ. ಒಂದೂವರೆ ತಿಂಗಳಿಂದ ಮೀಟರ್‌ನಲ್ಲಿ ಹಳದಿ ಎಂಜಿನ್ ಲೈಟ್ ಉರಿಯುತ್ತಿದೆ. ಲೀಟರಿಗೆ 17 ಕೊಡುತ್ತಿದ್ದದ್ದು 13ಕ್ಕೆ ಇಳಿದಿದೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಪೆಟ್ರೋಲ್ ವಾಸನೆ. ಗಾಡಿ ನಿಲ್ಲಿಸುವುದು ತೋಟದ ಮನೆಯಲ್ಲಿ, ತೆಂಗಿನಕಾಯಿ ರಾಶಿ ಹಾಕುವ ಶೆಡ್‌ನಲ್ಲಿ. ತುಮಕೂರಿನ ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದಾಗ ಪಿ0135 ಅಂತ ಕೋಡ್ ಬಂತು. ಆಕ್ಸಿಜನ್ ಸೆನ್ಸರ್ ಹೋಗಿದೆ, ಬದಲಿಸಬೇಕು ಎಂದರು. ನನ್ನ ಭಾವಮೈದ ಮಾತ್ರ ಸುಮ್ನೆ ದುಡ್ಡು ಯಾಕೆ, ಹಾಗೇ ಓಡಿಸಿ ಅಂತಾನೆ. ಏನು ಮಾಡಲಿ?
– ಓದುಗರೊಬ್ಬರು, ಗುಬ್ಬಿ ತಾಲ್ಲೂಕು

ಉತ್ತರ: ಹಾಗೇ ಓಡಿಸಬೇಡಿ. ಆದರೆ ಇವತ್ತೇ ಹೋಗಿ ಸೆನ್ಸರ್ ಕೊಳ್ಳಲೂ ಬೇಡಿ. ಮೊದಲು ಟಾರ್ಚ್ ಹಿಡಿದು ಸೆನ್ಸರ್‌ಗೆ ಹೋಗುವ ವೈರ್ ನೋಡಿ.

ಯಾಕೆ ಅಂದರೆ, ಪಿ0135 ಹೇಳುವುದು ಸೆನ್ಸರ್ ಸತ್ತಿದೆ ಅಂತಲ್ಲ, ಅದರ ಹೀಟರ್ ಸರ್ಕ್ಯೂಟ್‌ನಲ್ಲಿ ತೊಂದರೆ ಇದೆ ಅಂತ. ಸೈಲೆನ್ಸರ್ ಪೈಪ್‌ನಲ್ಲಿ ಕೂತಿರುವ ಈ ಸೆನ್ಸರ್ ಕೆಲಸ ಮಾಡಬೇಕಾದರೆ ಸುಮಾರು 300 ಡಿಗ್ರಿಗಿಂತ ಜಾಸ್ತಿ ಬಿಸಿಯಾಗಬೇಕು. ಬೆಳಿಗ್ಗೆ ತಣ್ಣಗಿರುವ ಎಂಜಿನ್‌ನ ಹೊಗೆ ಅಷ್ಟು ಬೇಗ ಅದನ್ನು ಕಾಯಿಸುವುದಿಲ್ಲ, ಅದಕ್ಕೇ ಒಳಗೆ ಚಿಕ್ಕ ಹೀಟರ್ ಇಟ್ಟಿರುತ್ತಾರೆ. ಆ ಹೀಟರ್‌ಗೆ ಕರೆಂಟ್ ಹೋಗುವುದು ಫ್ಯೂಸ್ ಮೂಲಕ, ವೈರ್ ಮೂಲಕ, ಒಂದು ಕನೆಕ್ಟರ್ ಮೂಲಕ. ಇವುಗಳಲ್ಲಿ ಯಾವುದು ಕೈಕೊಟ್ಟರೂ ಬರುವುದು ಇದೇ ಕೋಡ್. ಕಾಯಿ ರಾಶಿ ಇದ್ದ ಕಡೆ ಇಲಿ ಇರುತ್ತದೆ, ಅಲ್ವಾ? ಇಲಿ ಕಡಿದ ವೈರ್‌ಗೆ ಹೊಸ ಸೆನ್ಸರ್ ಹಾಕಿದರೆ ಲೈಟ್ ಆರುವುದಿಲ್ಲ, ದುಡ್ಡು ಮಾತ್ರ ಹೋಗುತ್ತದೆ.

ವೈರ್, ಫ್ಯೂಸ್ ಸರಿಯಿದ್ದರೆ ಕನೆಕ್ಟರ್ ಬಿಚ್ಚಿಸಿ, ಮಲ್ಟಿಮೀಟರ್ ಹಿಡಿಸಿ. ನಾಲ್ಕು ವೈರ್‌ನ ಸೆನ್ಸರ್ ಆದರೆ ಒಂದೇ ಬಣ್ಣದ ಎರಡು ವೈರ್ ಇರುತ್ತವೆ, ಹೆಚ್ಚಾಗಿ ಬಿಳಿ. ಅವೇ ಹೀಟರ್‌ನವು. ಸೆನ್ಸರ್ ಕಡೆಯಿಂದ ಅಳೆದಾಗ ಕೆಲವೇ ಓಮ್ ತೋರಿಸಬೇಕು. ಮೀಟರ್ ಸಂಪರ್ಕವೇ ಇಲ್ಲ ಅಂತ ತೋರಿಸಿದರೆ ಒಳಗೆ ತಂತಿ ಕಡಿದಿದೆ, ಆಗ ಬದಲಿಸುವುದೇ ದಾರಿ. ಐದು ನಿಮಿಷದ ಕೆಲಸ ಇದು, ಮಾಡದೆ ಯಾರಾದರೂ ಸೆನ್ಸರ್ ಹೋಗಿದೆ ಅಂದರೆ ಮಾಡಿ ತೋರಿಸಿ ಅಂತ ಕೇಳಿ, ಸಂಕೋಚ ಬೇಡ.

ನಾನು ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಕೆಲವು ವರ್ಷದ ಹಿಂದೆ ನನ್ನ ಗಾಡಿಗೆ ಪಿ0171 ಬಂದಿತ್ತು, ಅಂದರೆ ಎಂಜಿನ್‌ಗೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಅಂತ. ಒಂದು ಗ್ಯಾರೇಜಿನಲ್ಲಿ ಸೆನ್ಸರ್ ಬದಲಿಸಿ ಕಳಿಸಿದರು. ಕ್ಯಾತ್ಸಂದ್ರ ದಾಟಿ ದಾಬಸ್‌ಪೇಟೆ ಮುಟ್ಟುವಷ್ಟರಲ್ಲಿ ಲೈಟ್ ಮತ್ತೆ ಬಂತು. ಆಮೇಲೆ ಬೇರೆಯವರು ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ಎಂಜಿನ್‌ನಿಂದ ಹೊಗೆ ಹೊರಬರುವ ಮ್ಯಾನಿಫೋಲ್ಡ್ ಹತ್ತಿರ ಕಿವಿಯಿಟ್ಟರು. ಟಿಕ್ ಟಿಕ್ ಅಂತ ಸಣ್ಣ ಸದ್ದು. ಅದರ ಸಂದಿ ಮುಚ್ಚುವ ಗ್ಯಾಸ್ಕೆಟ್ ಒಡೆದು, ಹೊರಗಿನ ಗಾಳಿ ಹೊಗೆಯೊಳಗೆ ಎಳೆಯುತ್ತಿತ್ತು. ಸೆನ್ಸರ್ ಕಂಡದ್ದನ್ನೇ ಹೇಳುತ್ತಿತ್ತು, ನಾವು ಅದನ್ನೇ ಕಿತ್ತು ತೆಗೆದೆವು. ಆ ಹಳೇ ಸೆನ್ಸರ್ ಇನ್ನೂ ಡಿಕ್ಕಿಯಲ್ಲಿದೆ.

ಈಗ ನಿಮ್ಮ ಭಾವಮೈದನ ಮಾತಿಗೆ ಬರೋಣ. ಪೆಟ್ರೋಲ್ ಎಂಜಿನ್‌ಗೆ ಒಂದು ಕಿಲೋ ಪೆಟ್ರೋಲ್‌ಗೆ 14.7 ಕಿಲೋ ಗಾಳಿ ಸರಿಯಾದ ಲೆಕ್ಕ. ಈಗ ಪೆಟ್ರೋಲ್‌ಗೆ ಎಥನಾಲ್ ಬೆರೆಸುವುದರಿಂದ ಸ್ವಲ್ಪ ಬದಲಾಗುತ್ತದೆ, ಅದಿರಲಿ. ಸೆನ್ಸರ್ ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡಿ ಎಂಜಿನ್ ಕಂಪ್ಯೂಟರ್‌ಗೆ ಹೇಳುತ್ತದೆ, ಕಂಪ್ಯೂಟರ್ ಪೆಟ್ರೋಲ್ ಹೆಚ್ಚು ಕಡಿಮೆ ಮಾಡುತ್ತದೆ. ಸುದ್ದಿ ಬರದಿದ್ದರೆ ಅದು ಅಂದಾಜಿನ ಮೇಲೆ ಪೆಟ್ರೋಲ್ ಸುರಿಯುತ್ತದೆ. ನಿಮ್ಮ ಮೈಲೇಜ್ ಹೋದದ್ದು ಅಲ್ಲಿ. ಸುಡದೆ ಉಳಿದ ಪೆಟ್ರೋಲ್, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ, ಅತಿ ಬಿಸಿಯಾಗಿ ಒಳಗಿನ ಜೇನುಗೂಡಿನಂಥ ಸೆರಾಮಿಕ್ ಕರಗಿಹೋಗಬಹುದು. ಸೆನ್ಸರ್‌ನ ಬೆಲೆಗೆ ಕನ್ವರ್ಟರ್ ಬರುವುದಿಲ್ಲ, ಅದು ಎಷ್ಟೋ ಪಟ್ಟು ಜಾಸ್ತಿ.

ಬದಲಿಸಲೇಬೇಕು ಅಂತಾದರೆ, ಪಿ0135 ಕೋಡ್ ಕನ್ವರ್ಟರ್‌ಗಿಂತ ಮುಂಚೆ ಇರುವ ಸೆನ್ಸರ್‌ನದ್ದು. ಹಿಂದೆ ಇನ್ನೊಂದಿರುತ್ತದೆ, ಅದನ್ನು ತಂದುಬಿಟ್ಟೀರಿ. ಹಳೆಯದರ ಪಾರ್ಟ್ ನಂಬರ್ ನೋಡಿ ತನ್ನಿ, ವೈರ್ ಉದ್ದ, ಕನೆಕ್ಟರ್ ಎರಡೂ ಹೊಂದಬೇಕು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಎಂಜಿನ್ ಸ್ವಲ್ಪ ಬೆಚ್ಚಗಿರುವಾಗ ಬಿಚ್ಚಿ, ಕೈ ಸುಡುವಷ್ಟು ಬಿಸಿ ಬೇಡ. ಸಾಮಾನ್ಯವಾಗಿ 22ರ ಸ್ಪ್ಯಾನರ್ ಬೇಕು, ವೈರ್ ಹೊರಬರಲು ಸೀಳು ಇರುವ ಸಾಕೆಟ್ ಸಿಕ್ಕರೆ ಇನ್ನೂ ಒಳ್ಳೆಯದು. ಹೊಸದನ್ನು ಕೈಯಿಂದಲೇ ತಿರುಗಿಸಿ ಮರೆ (ಥ್ರೆಡ್) ಹಿಡಿಸಿ, ಆಮೇಲೆ ಸ್ಪ್ಯಾನರ್. ಮರೆ ಕಚ್ಚಿಕೊಳ್ಳದಂತೆ ಪೇಸ್ಟ್ ಹಚ್ಚಿಯೇ ಬಂದಿದ್ದರೆ ಇನ್ನೊಂದು ಸಲ ಹಚ್ಚಬೇಡಿ. ತುದಿಗೆ ಮಾತ್ರ ಎಣ್ಣೆ, ಗ್ರೀಸ್, ಬೆರಳು ಯಾವುದೂ ತಾಕಬಾರದು. ಕೈಜಾರಿ ನೆಲಕ್ಕೆ ಬಿದ್ದದ್ದನ್ನು ಹಾಕಬೇಡಿ, ಒಳಗಿನ ಸೆರಾಮಿಕ್ ಬಿರುಕು ಬಿಟ್ಟಿರಬಹುದು. ವೈರ್ ಸೈಲೆನ್ಸರ್ ಪೈಪ್‌ಗೆ ತಗುಲದಂತೆ ಹಳೇ ಕ್ಲಿಪ್‌ನಲ್ಲೇ ಕೂರಿಸಿ. ಕೋಡ್ ಅಳಿಸಿದ ಮೇಲೆ ಗುಬ್ಬಿಯಿಂದ ತುಮಕೂರಿಗೆ ಒಂದೆರಡು ಸಲ ಹೋಗಿ ಬನ್ನಿ, ಲೈಟ್ ಬರದಿದ್ದರೆ ಸರಿಹೋಯಿತು. ಶೆಡ್‌ನಲ್ಲಿ ಇಲಿ ಬೋನು ಇಡುವುದನ್ನು ಮರೆಯಬೇಡಿ.

ಪ್ರಶ್ನೆ: ಹಳೇ ಆಕ್ಸಿಜನ್ ಸೆನ್ಸರ್ ಪೆಟ್ರೋಲ್‌ನಲ್ಲಿ ತೊಳೆದು ಮತ್ತೆ ಹಾಕಬಹುದಾ? ತುದಿ ಬೆಳ್ಳಗಾಗಿದೆ.
– ಮಧುಗಿರಿಯ ಓದುಗರು

ಉತ್ತರ: ಬೇಡ. ಬರೀ ಕಪ್ಪು ಮಸಿ ಆಗಿದ್ದರೆ ಗಾಡಿ ಬಿಸಿಯಾದಾಗ ಅದೇ ಸುಟ್ಟುಹೋಗುತ್ತದೆ. ಬಿಳಿ ಪದರ ಅಂದರೆ ಸಿಲಿಕಾನ್ ಸೀಲೆಂಟ್ ಅಥವಾ ಕೂಲಂಟ್‌ನಿಂದ ಬಂದಿರಬಹುದು, ಅದು ತೊಳೆದರೆ ಹೋಗುವುದಿಲ್ಲ. ಇತ್ತೀಚೆಗೆ ಎಂಜಿನ್ ಬಿಚ್ಚಿ ಸೀಲೆಂಟ್ ಹಚ್ಚಿದ್ದಾರಾ ನೆನಪಿಸಿಕೊಳ್ಳಿ. ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಕೂಲಂಟ್ ಮಟ್ಟ ಗುರುತು ಮಾಡಿಟ್ಟು ಒಂದು ವಾರ ಗಮನಿಸಿ. ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್ ಕೆಳಗಿನ ಸೀಲು) ಪರೀಕ್ಷೆ ಮಾಡಿಸಿ, ಅದು ಸರಿಯಾಗುವವರೆಗೆ ಹೊಸ ಸೆನ್ಸರ್‌ಗೆ ದುಡ್ಡು ಹಾಕಬೇಡಿ.