ಬೋರ್ಡಿನ ಮೇಲೆ ಹೆಸರು ಬರೆಯುವ ಮಂತ್ರಿ

(ಆಪ್ತಸಮಾಲೋಚನೆಗೆ ಬಂದ ಒಂದು ಪ್ರಕರಣ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಎಂಟನೇ ತರಗತಿಯ ಹುಡುಗಿ, ವಯಸ್ಸು 13. ಶಾಲಾ ಸಂಸತ್ತಿನ ಚುನಾವಣೆಯಲ್ಲಿ ಗೆದ್ದು ಶಿಸ್ತು ಮಂತ್ರಿಯಾದಳು. ಒಂದೂವರೆ ತಿಂಗಳಲ್ಲಿ ಬೆಳಿಗ್ಗೆ ಹೊಟ್ಟೆನೋವು ಶುರು. ಭಾನುವಾರ ಮಾತ್ರ ಇಲ್ಲ. ವೈದ್ಯರಿಗೆ ಏನೂ ದೋಷ ಕಾಣಲಿಲ್ಲ.

ಟೀಚರ್ ಇಲ್ಲದಾಗ ಮಾತಾಡಿದವರ ಹೆಸರನ್ನು ಅವಳು ಬೋರ್ಡಿನ ಮೇಲೆ ಬರೆಯಬೇಕು. ಟೀಚರ್ ಬಂದು ಅವರಿಗೆಲ್ಲ ಬಸ್ಕಿ ಹೊಡೆಸುತ್ತಾರೆ. ಗೆಳತಿಯ ಹೆಸರು ಬರೆದ ದಿನ ಬಿಸಿಯೂಟಕ್ಕೆ ಯಾರೂ ಪಕ್ಕದಲ್ಲಿ ಕೂರಿಸಿಕೊಳ್ಳಲಿಲ್ಲ. ಮರುದಿನ ಅದೇ ಹೆಸರನ್ನು ಅಳಿಸಿದಳು. ಹಿಂದಿನ ಬೆಂಚಿನವರು ಪಕ್ಷಪಾತ ಎಂದರು. ಈಗ ಎರಡೂ ಗುಂಪಿನವರು ಟೂ ಬಿಟ್ಟಿದ್ದಾರೆ.

"ಮಂತ್ರಿಯಾದವಳು ಹೀಗೆ ಅಳ್ತಾರೇನೇ?" ಎಂದು ಅಮ್ಮ ಬೈದಿದ್ದರು. ಆದರೆ ಕೊರತೆ ಇದ್ದದ್ದು ಹುಡುಗಿಯ ಧೈರ್ಯದಲ್ಲಲ್ಲ, ಅವಳಿಗೆ ಒಪ್ಪಿಸಿದ ಕೆಲಸದಲ್ಲಿ. ಬಸ್ಕಿಯಂಥ ದೈಹಿಕ ಶಿಕ್ಷೆಯನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಹಾಗಾಗಿ ಮೊದಲ ಸಲಹೆ ಹೋದದ್ದು ತರಗತಿ ಶಿಕ್ಷಕಿಗೆ: ಬಸ್ಕಿಯೂ ಬೇಡ, ಹೆಸರಿನ ಪಟ್ಟಿಯೂ ಬೇಡ. ಟೀಚರ್ ಬರುವುದು ತಡವಾದರೆ ಮಕ್ಕಳು ಮಾಡಬೇಕಾದ ಹತ್ತು ನಿಮಿಷದ ಕೆಲಸವನ್ನು ಮೊದಲೇ ಬರೆದಿಟ್ಟಿರಿ; ಮಂತ್ರಿ ಅದನ್ನು ಓದಿ ಹೇಳಲಿ, ಅಷ್ಟೇ. ಇಬ್ಬರು ಜೊತೆಯಾಗಿ ನೋಡಿಕೊಳ್ಳಲಿ, ಎರಡು ವಾರಕ್ಕೊಮ್ಮೆ ಜೊತೆಗಾರರು ಬದಲಾಗಲಿ. ಒಬ್ಬಳ ಮೇಲೇ ಸಿಟ್ಟು ಕೂಡಿಕೊಳ್ಳುವುದು ಇದರಿಂದ ತಪ್ಪುತ್ತದೆ.

ಹುಡುಗಿಗೆ ಒಂದು ಗೆರೆ ಎಳೆದುಕೊಟ್ಟದ್ದಾಯಿತು. ಹೊಡೆದಾಟ, ಗಾಯ, ಯಾರನ್ನಾದರೂ ಪದೇಪದೇ ಗೋಳು ಹೊಯ್ದುಕೊಳ್ಳುವುದು, ಈ ಮೂರನ್ನು ತಕ್ಷಣ ದೊಡ್ಡವರಿಗೆ ತಿಳಿಸಬೇಕು, ಅದು ಚಾಡಿಯಲ್ಲ. ಗಲಾಟೆಯಾದರೆ "ಪಕ್ಕದ ಕ್ಲಾಸಿಗೆ ಕೇಳ್ತಿದೆ ಕಣ್ರೋ, ಮೆಲ್ಲಗೆ" ಎಂದು ಒಂದು ಸಲ ಹೇಳಿ ಸುಮ್ಮನಾಗುವುದು. ಕೂಗಿದಷ್ಟೂ ಹಿಂದಿನ ಬೆಂಚಿಗೆ ಮಜಾ. ಗೆಳತಿಯ ಹತ್ತಿರ ಒಬ್ಬಳೇ ಇದ್ದಾಗ ಮಾತಾಡುವುದನ್ನು ಅಭ್ಯಾಸ ಮಾಡಿಸಲಾಯಿತು: "ಹೆಸರು ಬರೆಯೋದು ನಂಗೂ ಇಷ್ಟ ಇರಲಿಲ್ಲ. ಇನ್ಮೇಲೆ ಬರೆಯೋದಿಲ್ಲ."

ರಾಜೀನಾಮೆಯ ಮಾತನ್ನು ದಸರಾ ರಜೆಯವರೆಗೆ ಮುಂದೂಡಿ, ಆಗಲೂ ಬೇಡವೆನಿಸಿದರೆ ಬಿಡಬಹುದು, ಯಾರೂ ಹಂಗಿಸಬಾರದು ಎಂದು ಅಮ್ಮನನ್ನೂ ಒಪ್ಪಿಸಲಾಯಿತು.

ಮೂರು ವಾರದಲ್ಲಿ ಹೊಟ್ಟೆನೋವು ಬಹುಮಟ್ಟಿಗೆ ನಿಂತಿತು. ನಡುವೆ ಬದಲಿ ಶಿಕ್ಷಕರೊಬ್ಬರು ಬಂದು ಮತ್ತೆ ಹೆಸರಿನ ಪಟ್ಟಿ ಕೇಳಿದರು, ಮರುದಿನವೇ ನೋವು ಮರಳಿತು. ಹೊಸ ಪದ್ಧತಿ ತರಗತಿ ಶಿಕ್ಷಕಿಯ ತಲೆಯಲ್ಲಿ ಮಾತ್ರ ಇದ್ದರೆ ಹೀಗೇ ಆಗುವುದು. ಈಗ ಅದನ್ನು ಬರೆದು ಹಾಜರಿ ಪುಸ್ತಕದ ಒಳರಟ್ಟಿಗೆ ಅಂಟಿಸಿದ್ದಾರೆ.